ಒಂದೇ ತೂಬಿನ ನೀರು

ಜಗನ್ ಕೀಲಿಯನ್ನು ಇನ್ನೂ ಒಂದು ಸುತ್ತು ತಿರುಗಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು, ಮೇಗಲ ಬೀದಿಯ ಕಡೆಗೆ ಕೂಗಿದ.

"ಬಂತಾ?"

"ಗಾಳಿ ಬಂತು," ಎಂದಳು ಮಂಜಿನೊಳಗಿಂದ ಮುನಿಕೆಂಪಮ್ಮ. "ನೀರು ಬಂದ್ರೆ ನಾನೇ ಕೂಗ್ತೀನಿ, ನೀನು ತಿರುಗ್ಸು."

ಅವನು ಕೆಳಗಲ ಬೀದಿಯ ಕಡೆ ತಿರುಗಿದ. ಅಲ್ಲಿ ಜನ ಕಾಣುತ್ತಿರಲಿಲ್ಲ, ಬಿಂದಿಗೆಗಳ ಸಾಲು ಮಾತ್ರ ಮಸುಕಾಗಿ ಕಾಣುತ್ತಿತ್ತು. "ಇಲ್ಲೂ ಇಲ್ಲ ಗುರೂ," ಎಂದಿತು ಯಾವುದೋ ದನಿ.

ಕೀಲಿ ಎಂದರೆ ಬಾಗಿಲಿನ ಕೀಲಿಯಲ್ಲ. ಎದೆಮಟ್ಟದ ಕಬ್ಬಿಣದ ಸರಳು, ತುದಿಗೊಂದು ಅಡ್ಡಹಿಡಿ. ಅದನ್ನು ರಸ್ತೆ ನಡುವಿನ ಗುಂಡಿಗೆ ಇಳಿಸಿ, ವಾಲ್ವಿನ ತಲೆಗೆ ಸಿಕ್ಕಿಸಿ, ಗಾಣದ ಎತ್ತಿನ ಹಾಗೆ ಸುತ್ತಬೇಕು. ಮೂವತ್ತೊಂದು ವರ್ಷ ಅದನ್ನು ಸುತ್ತಿದ ಆವಲಪ್ಪ ಈಗ ಹತ್ತು ಹೆಜ್ಜೆ ಆಚೆ, ತನ್ನ ಮನೆಯ ಮುಂದೆ, ಶಾಮಿಯಾನದ ಕೆಳಗೆ ಬೆಂಚಿನ ಮೇಲೆ ಮಲಗಿದ್ದ. ಹಣೆಗೆ ವಿಭೂತಿ ಬಳಿದಿದ್ದರು. ದವಡೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಎದೆನೋವೆಂದು ನಾಲ್ಕು ದಿನ ಆಸ್ಪತ್ರೆಯಲ್ಲಿ, ಹೆಂಡತಿಯನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದವನು ಹಿಂದಿನ ದಿನ ಮಧ್ಯಾಹ್ನ ಹೊರಟುಹೋಗಿದ್ದ. ಅವನು ಮಲಗಿದ ನಾಲ್ಕು ದಿನವೂ ತೂಬಿನಪಾಳ್ಯದ ಎರಡೂ ಬೀದಿಗೆ ಹನಿ ನೀರು ಬಂದಿರಲಿಲ್ಲ. ಬದಲಿಗೆ ಬಂದ ಜಗನ್ ಗೊರಗುಂಟೆಪಾಳ್ಯದವನು, ಎರಡು ಮಕ್ಕಳ ತಂದೆ, ಕೆಲಸಗಳ್ಳನಂತೂ ಅಲ್ಲ. ಆದರೂ ಈ ಊರಿನ ಕೊಳವೆಗಳು ಅವನ ಮಾತು ಕೇಳುತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ ಟ್ಯಾಂಕರ್ ತರಿಸಿಕೊಂಡು, ಯಾರನ್ನಾದರೂ ಬೈದುಕೊಂಡು ಕಾಲ ಹಾಕುತ್ತಿದ್ದರು. ಇವತ್ತು ಟ್ಯಾಂಕರ್ ನೀರು ನಡೆಯುವ ಹಾಗಿರಲಿಲ್ಲ. ಆವಲಪ್ಪನದು ನೀರುಗಂಟಿ ಮನೆತನ. ಕೋಗಿಲು ದಾಟಿದ ಮೇಲೆ ಸಿಗುವ ಈ ಊರಿಗೆ ಕೆರೆ ಇದ್ದ ಕಾಲದಲ್ಲಿ ಅವನ ಅಪ್ಪ, ತಾತ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುತ್ತಿದ್ದರು. ನೀರುಗಂಟಿ ಸತ್ತರೆ ಊರಿನಲ್ಲಿ ಒಂದು ರೂಢಿ ಇತ್ತು. ಅವನ ತೂಬಿನ ನೀರು ಕುಡಿದ ಎಲ್ಲ ಮನೆಗಳವರೂ, ಮನೆಗೊಂದು ಚೊಂಬಿನಂತೆ, ಅದೇ ನೀರನ್ನು ತಂದು ಹೆಣಕ್ಕೆ ಹಾಕಬೇಕು. ಹಾಕದೆ ಹೆಣ ಎತ್ತುವ ಹಾಗಿಲ್ಲ. ಕೆರೆ ಬಡಾವಣೆಯಾಯಿತು, ತೂಬು ವಾಲ್ವಾಯಿತು, ರೂಢಿ ಮಾತ್ರ ಹಾಗೇ ಉಳಿದಿತ್ತು.

"ಹನ್ನೊಂದಕ್ಕೆಲ್ಲ ಮಣ್ಣಾಗ್ಬೇಕಂತೆ," ಎಂದಳು ಮಗಳು ಶಶಿರೇಖಾ. ನಾಗಸಂದ್ರದಿಂದ ಬಂದವಳು ಅತ್ತು ಅತ್ತು ದನಿ ಕಳೆದುಕೊಂಡಿದ್ದಳು. "ನೀರು ಬರ್ದಿದ್ರೆ ಏನಮ್ಮಾ ಮಾಡೋದು?"

ಗಂಡನ ತಲೆಯ ಬಳಿ ಕೂತ ಗೋಪಾಲಮ್ಮನಿಗೆ ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿರಲಿಲ್ಲ. ಜನವರಿಯ ಮಂಜು ಶಾಮಿಯಾನದೊಳಕ್ಕೂ ಬಂದು ಊದುಬತ್ತಿ ಹೊಗೆಯೊಂದಿಗೆ ಸೇರಿಕೊಂಡಿತ್ತು. ಮೇಲೆ ಎಲ್ಲೋ ವಿಮಾನ ಇಳಿಯುತ್ತಿತ್ತು, ಕಾಣುತ್ತಿರಲಿಲ್ಲ. ಬಂದವರು ಹೂವು ಹಾಕುತ್ತಿದ್ದರು, ಹೋಗುತ್ತಿದ್ದರು. ಯಾರು ಬದುಕಿದವರು, ಯಾರು ಹಿಂದೆಯೇ ಸತ್ತವರು ಎಂದು ಅವಳಿಗೆ ಕೆಲವು ಸಲ ಗೊತ್ತಾಗುತ್ತಿರಲಿಲ್ಲ. ಅತ್ತೆ ಬಂದು ಕಾಲ ಬಳಿ ಕೂತಂತಾಯಿತು. ಅತ್ತೆ ಹೋಗಿ ಇಪ್ಪತ್ತು ವರ್ಷವಾಗಿತ್ತು.

ಆದರೆ ಕಿವಿ ಮಾತ್ರ ಎಚ್ಚರವಾಗಿತ್ತು. ಗುಂಡಿಯೊಳಗೆ ಕಬ್ಬಿಣಕ್ಕೆ ಕಬ್ಬಿಣ ತೇಯುವ ಸದ್ದು ಕೇಳುತ್ತಿತ್ತು. ಅದು ಬಿಗಿಯುವ ಸದ್ದು, ಬಿಡುವ ಸದ್ದಲ್ಲ. ಪಾಪದವನು ನಾಲ್ಕು ದಿನದಿಂದ ತೆರೆಯುತ್ತೇನೆಂದುಕೊಂಡು ಮುಚ್ಚುತ್ತಿದ್ದಾನೆ ಎಂದು ಅವಳಿಗೆ ಹೊಳೆದು, ಅಂಥ ಹೊತ್ತಿನಲ್ಲೂ ನಗು ಬಂತು.

ಅವಳು ಎದ್ದಳು. ಹೆಣದ ತಲೆಯ ಬಳಿಯಿಂದ ಹೆಂಡತಿ ಏಳುವ ಹಾಗಿಲ್ಲ. ಹೆಂಗಸರು "ಅಯ್ಯೋ, ಎಲ್ಲಿಗೆ?" ಎನ್ನುವಷ್ಟರಲ್ಲಿ ಅವಳು ರಸ್ತೆಗೆ ಇಳಿದು ಜಗನ್ನನ ಕೈಯಿಂದ ಕೀಲಿ ತೆಗೆದುಕೊಂಡಿದ್ದಳು.

"ಎಲ್ಲಾ ವಾಲ್ವೂ ಎಡಕ್ಕೆ ಸುತ್ತಿದ್ರೆ ಬಿಡ್ತವೆ ಕಣಪ್ಪ," ಎಂದಳು. "ಇದೊಂದು ಬಲಕ್ಕೆ. ಇದನ್ನ ಮಾಡ್ದೋನು ಎಡಚ ಅಂತ ಅವರು ಬಯ್ಯೋರು."

*

ಆವಲಪ್ಪನಿಗೆ ಕಾಮಾಲೆಯಾದದ್ದು ಎರಡು ಸಾವಿರದ ಹದಿಮೂರರ ಡಿಸೆಂಬರಿನಲ್ಲಿ. ಕಣ್ಣು ಅರಿಸಿನವಾಗಿ, ಗೋಡೆ ಹಿಡಿಯದೆ ಎದ್ದು ನಿಲ್ಲಲಾಗುತ್ತಿರಲಿಲ್ಲ. ರಜೆ ಹಾಕಿದರೆ ಬೇರೆಯವನನ್ನು ಕಳಿಸುತ್ತಾರೆ, ಕಂತ್ರಾಟಿನ ಕೆಲಸ ಹೋದರೆ ಹೋದಂತೆ.

"ನಾನೋಗ್ತೀನಿ ಬುಡು," ಎಂದಳು ಗೋಪಾಲಮ್ಮ.

"ಊರು ನಗಲ್ವೇ?"

"ಊರಿಗೆ ಕಂಡ್ರೆ ತಾನೆ ನಗೋದು."

ಹದಿನೈದು ದಿನ ಅವಳು ಬೆಳಗಿನ ಮಂಜಿನಲ್ಲಿ ಸೀರೆಯ ಮೇಲೆ ಅವನ ಖಾಕಿ ಅಂಗಿ ತೊಟ್ಟು, ತಲೆಗೆ ಮಂಕಿ ಕ್ಯಾಪ್ ಎಳೆದುಕೊಂಡು ಕೀಲಿ ಸುತ್ತಿದಳು. ಒಳಗೆ ಮಲಗಿದವನು ಗೋಡೆಯ ಆಚೆಯಿಂದಲೇ ಸುತ್ತು ಎಣಿಸುತ್ತಿದ್ದ. ಇಪ್ಪತ್ತಾರಕ್ಕೆ ಕೆಮ್ಮುತ್ತಿದ್ದ, ಅಂದರೆ ಸಾಕು ಎಂದು. ಹಾಲಿಗೆ ಹೋಗುವವರು "ಏನ್ ಸಮಾಚಾರ ಆವಲಪ್ಪ?" ಎಂದರೆ ಅವಳೂ ಕೆಮ್ಮುತ್ತಿದ್ದಳು. ನೀರು ಕೊಳವೆಯೊಳಗೆ ನುಗ್ಗುವಾಗ ಪಾದದ ಕೆಳಗಿನ ನೆಲ ಸಣ್ಣಗೆ ನಡುಗುವುದು ಅವಳಿಗೆ ಆಗ ಗೊತ್ತಾಯಿತು. ಎಮ್ಮೆಯ ಹೊಟ್ಟೆಯ ಮೇಲೆ ಕೈಯಿಟ್ಟರೆ ಒಳಗೆ ಕರು ಮಿಸುಕುವ ಹಾಗಿತ್ತು ಅದು. ಈ ಮನುಷ್ಯ ಇಷ್ಟು ವರ್ಷ ಈ ಸುಖವನ್ನು ಒಬ್ಬನೇ ಅನುಭವಿಸಿದನಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ನೀರು ಬಿಟ್ಟ ಐದು ನಿಮಿಷಕ್ಕೆ ಕೂಗಾಟ ಶುರುವಾಗುತ್ತಿತ್ತು. ಎರಡೂ ಬೀದಿಗೆ ಒಂದೇ ಸಲ ನೀರು ಬರುತ್ತಿದ್ದುದರಿಂದ, ಇಳಿಜಾರಿನಲ್ಲಿದ್ದ ಕೆಳಗಲ ಬೀದಿಯವರು ನಲ್ಲಿ ಬಿಟ್ಟುಕೊಂಡು ಕೂತರೆ ಮೇಗಲ ಬೀದಿಗೆ ನೀರು ಏರುತ್ತಿರಲಿಲ್ಲ. ಮುನಿಕೆಂಪಮ್ಮ ತಿರುವಿಗೆ ಬಂದು ಸೊಂಟಕ್ಕೆ ಕೈ ಕೊಟ್ಟು ಅರಚುತ್ತಿದ್ದಳು. "ನಲ್ಲಿ ಕಟ್ರೇ! ಕೊಡ ತುಂಬಿದ್ ಮ್ಯಾಲೆ ಏನ್ ಆಡ್ ಕೇಳ್ತಾ ಕೂತಿದ್ದೀರಾ?" ಕೆಳಗಿನಿಂದ ಸುಗ್ರಾ ಅಷ್ಟೇ ಜೋರಾಗಿ, "ಕಟ್ಟಿದ್ದೀವಮ್ಮ ತಾಯೀ, ನಿನ್ನ ಬಾಯಿ ಕಟ್ಕೋ!" ಎನ್ನುತ್ತಿದ್ದಳು. ಗಲಾಟೆಯೊಂದಾದ ಮೇಲೆ ಒಬ್ಬರ ಮನೆಯ ಹೊಸಿಲು ಇನ್ನೊಬ್ಬರು ತುಳಿಯದೆ ನಾಲ್ಕು ವರ್ಷವಾಗಿದ್ದ ಎರಡು ಬೀದಿಗಳ ನಡುವೆ ಉಳಿದಿದ್ದ ಮಾತು ಅದೊಂದೇ. ಬೈಗುಳವಾದರೂ ದಿನಾ ಆಡಿದರೆ ಮೆತ್ತಗಾಗುತ್ತದೆ. ಆ ಚಳಿಗಾಲದಲ್ಲಿ ಒಂದು ಬೆಳಗ್ಗೆ ಗೋಪಾಲಮ್ಮ ಮಂಕಿ ಕ್ಯಾಪಿನೊಳಗಿಂದಲೇ ಕೇಳಿಸಿಕೊಂಡಳು.

"ನಲ್ಲಿ ಕಟ್ಟು ಸುಗ್ರಾ! ಮಂಡಿನೋವು ಎಂಗೈತೆ?"

"ಐತೆ ಅಂಗೇ. ನಿಂದು?"

*

ಇಪ್ಪತ್ತಾರನೆಯ ಸುತ್ತಿಗೆ ನೆಲ ನಡುಗಿತು. ಎರಡೂ ಬೀದಿಯ ನಲ್ಲಿಗಳು ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾದವು. ಮುನಿಕೆಂಪಮ್ಮ ಕೂಗುತ್ತೇನೆಂದವಳು ಅಳುತ್ತ ಬಂದಳು. ಹೆಂಗಸರು ಚೊಂಬು ಹುಡುಕಲು ಒಳಗೆ ಓಡಿದರು.

ಗೋಪಾಲಮ್ಮ ಕೀಲಿಯನ್ನು ಜಗನ್ನನಿಗೆ ಕೊಟ್ಟು ತಲೆ ಎತ್ತಿದಾಗ ಕೆಳಗಲ ಬೀದಿಯ ಬಾಯಲ್ಲಿ ಜನ ನಿಂತಿದ್ದರು. ಮೂವತ್ತು ನಲವತ್ತು ಜನ ಇದ್ದರು, ಗಂಡಸರ ತಲೆಯ ಮೇಲೆ ಟೋಪಿ, ಹೆಂಗಸರ ತಲೆಯ ಮೇಲೆ ಸೆರಗು. ಎಲ್ಲರ ಕೈಯಲ್ಲೂ ಚೊಂಬೋ ತಂಬಿಗೆಯೋ ಇತ್ತು. ಮುಂದೆ ನಿಂತಿದ್ದವನು ವೆಲ್ಡಿಂಗ್ ಅಂಗಡಿಯ ಜಿಯಾವುಲ್ಲಾ, ಪಕ್ಕದಲ್ಲಿ ಅವನ ತಾಯಿ ಸುಗ್ರಾ. ಅವರು ತಿರುವು ದಾಟಿರಲಿಲ್ಲ.

"ಅಕ್ಕಾ, ನಾವೂ ತರಬೌದಾ?" ಎಂದ ಜಿಯಾವುಲ್ಲಾ. "ನಮ್ಮ ತಾತ ನಿಮ್ಮ ಮಾವ್ನೋರಿಗೆ ಆಕಿದ್ರಂತೆ. ಅಮ್ಮಿ ಯೋಳ್ತು."

ಗೋಪಾಲಮ್ಮ ಬಾಯಿ ತೆರೆಯುವ ಮೊದಲೇ ಶಾಮಿಯಾನದ ಕೆಳಗಿನಿಂದ ಆನಂದಪ್ಪ ಎದ್ದು ಬಂದ. ಮೇಗಲ ಬೀದಿಯ ಹಿರಿಯ, ಹಿಂದೆ ಪಂಚಾಯ್ತಿ ಮೆಂಬರಾಗಿದ್ದವನು. ಆವಲಪ್ಪನೊಂದಿಗೆ ಕೆರೆಯಲ್ಲಿ ಈಜು ಕಲಿತವನು. ಬೆಳಗಿನಿಂದ ಅವನಷ್ಟು ಅತ್ತವರು ಇನ್ನೊಬ್ಬರಿರಲಿಲ್ಲ. ಕೆಟ್ಟವನಲ್ಲ. ಆದರೆ ಅವನ ತಮ್ಮನಿಗೆ ಹತ್ತು ವರ್ಷದ ಹಿಂದಿನ ಗಲಾಟೆಯಲ್ಲಿ ಬಿದ್ದ ಕಲ್ಲು ಅವನ ಎದೆಯೊಳಗೆ ಇನ್ನೂ ಹಾಗೇ ಕೂತಿತ್ತು.

"ನಿಂತ್ಕೋ ಜಿಯಾ," ಎಂದ. ದನಿ ಏರಿಸಲಿಲ್ಲ. "ಗೋಪಾಲಮ್ಮ, ಪದ್ಧತಿ ಏನು? ಒಂದೇ ತೂಬಿನ ನೀರು ಕುಡಿದೋರು ಆಕ್ಬೇಕು. ಕೆರೆ ಇದ್ದಾಗ ಒಂದೇ ತೂಬಿತ್ತು, ಅವರೂ ಆಕಿದ್ರು. ನಾನು ಇಲ್ಲ ಅನ್ನಲ್ಲ. ಈಗಿರೋದು ಪೈಪು. ಈ ರಸ್ತೆ ಅಡೀಲಿ ಬೀದಿಗೊಂದು ವಾಲ್ವಿತ್ತು, ನನ್ನ ಕಣ್ಣಾರೆ ನೋಡಿದ್ದೆ."

"ಇಲಾಖೆಯೋರು ತೆಗೆದಾಕ್ಬುಟ್ರು ಅಂತ ನಮ್ಮೆಜಮಾನ್ರು ಯೋಳಿದ್ರಲ್ಲ."

"ಯೋಳ್ದ. ನಾನೂ ನಂಬ್ದೆ. ಬರೀ ಅಡುಗೆ ಮಾಡ್ಕೊಂಡಿದ್ದೋಳು ನೀನು ಅಂದ್ಕೊಂಡಿದ್ದೆ. ವಾಲ್ವು ಬಲಕ್ಕೋ ಎಡಕ್ಕೋ ಅಂತ ಇಂಜಿನಿಯರಿಗೇ ಗೊತ್ತಿಲ್ಲ, ನಿನಗೆ ಗೊತ್ತು. ಇಷ್ಟು ಗೊತ್ತಿರೋಳಿಗೆ ಅದೂ ಗೊತ್ತಿರ್ಬೇಕು." ಅವನು ಬೆಂಚಿನ ಕಡೆ ನೋಡಿದ. "ಎರಡಿದ್ರೆ ಅವರ ತೂಬು ಬೇರೆ, ನಮ್ಮ ತೂಬು ಬೇರೆ. ಅವರು ಊವ ಆಕಿ ಕೈ ಮುಗಿದು ಓಗ್ಲಿ. ಆಮೇಲೆ ಜಗನ್ ಅಗೆದು ನೋಡ್ತಾನೆ, ಅವರ ನೀರು ಅವರಿಗೆ, ನಮ್ಮ ನೀರು ನಮಗೆ. ಒಂದೇ ಆದ್ರೆ, ನಾನೇ ಅವನ ಕೈ ಹಿಡಿದು ಕರ್ಕೊಂಡು ಬತ್ತೀನಿ. ಅಗೆಯೋ ಮಾತೇ ಎತ್ತಲ್ಲ. ಅವನ ತಲೆ ಮುಟ್ಟಿ ಯೋಳು, ಸಾಕು."

"ಅಂಕಲ್, ಇದೆಲ್ಲಾ ಈಗ ಬೇಕಾ?" ಎಂದಳು ಶಶಿರೇಖಾ.

"ಈಗಲ್ದೆ ಇನ್ಯಾವಾಗಮ್ಮ? ನಾಳೆ ಮುಟ್ಟೋಕೆ ತಲೆ ಎಲ್ಲೈತೆ?"

ತುಂಬಿದ ಚೊಂಬು ಹಿಡಿದ ಹೆಂಗಸರು ನಿಂತಲ್ಲೇ ನಿಂತರು. ಗೋಪಾಲಮ್ಮ ರಸ್ತೆಯ ಕಾಂಕ್ರೀಟನ್ನು ನೋಡುತ್ತಿದ್ದಳು, ಗುಂಡಿಯಿಂದ ನಾಲ್ಕು ಮಾರು ಆಚೆ. ಅಲ್ಲಿ ನಾಯಿಯೊಂದು ಮಲಗಿತ್ತು.

*

ಗಲಾಟೆ ಶುರುವಾದದ್ದು ಕುದುರೆಯಿಂದ. ಎರಡು ಸಾವಿರದ ಒಂಬತ್ತರ ಮೇ ತಿಂಗಳು. ಮೇಗಲ ಬೀದಿಯ ಮದುಮಗನ ಮೆರವಣಿಗೆ ಮಸೀದಿ ದಾಟುವಾಗ ಬಾಡಿಗೆ ಕುದುರೆ ನಿಂತುಬಿಟ್ಟಿತು. ಒಂದು ಹೆಜ್ಜೆ ಮುಂದಿಡಲಿಲ್ಲ. ಅದು ನಮಾಜಿನ ಹೊತ್ತು. ಬ್ಯಾಂಡಿನವರು, ಮದುಮಗ ನಿಂತ ಮೇಲೆ ಬಾರಿಸುವುದೇ ತಮ್ಮ ಧರ್ಮವೆಂದು ಇನ್ನೂ ಜೋರಾಗಿ ಬಾರಿಸಿದರು. ಒಳಗಿದ್ದವರು, ಬೇಕೆಂದೇ ನಿಲ್ಲಿಸಿದ್ದಾರೆ ಎಂದುಕೊಂಡರು. ಹೊರಗಿದ್ದವರು, ಒಳಗಿನಿಂದ ಯಾರೋ ಕುದುರೆಯನ್ನು ಬೆದರಿಸಿದ್ದಾರೆ ಎಂದುಕೊಂಡರು. ಹತ್ತು ನಿಮಿಷದ ನಂತರ ಕುದುರೆ ತಾನಾಗಿ ನಡೆಯಿತು, ಅಷ್ಟರಲ್ಲಿ ಮನುಷ್ಯರು ಮನುಷ್ಯರಾಗಿರಲಿಲ್ಲ. ಆನಂದಪ್ಪನ ತಮ್ಮನಿಗೆ ಹನ್ನೊಂದು ಹೊಲಿಗೆ ಬಿತ್ತು, ಎಡಗಿವಿ ಹೋಯಿತು. ಜಿಯಾವುಲ್ಲಾನ ಅಂಗಡಿಯ ಷಟರ್ ಅಪ್ಪಚ್ಚಿಯಾಯಿತು, ಒಳಗಿದ್ದ ಅವನ ಅಪ್ಪ ಅಂದಿನಿಂದ ಅಂಗಡಿಗೆ ಬರಲಿಲ್ಲ, ಆರು ತಿಂಗಳಿಗೆ ತೀರಿಕೊಂಡ.

ಗಲಾಟೆಯ ಮೂರನೆಯ ದಿನ ಮೇಗಲ ಬೀದಿಯ ಯುವಕರು ಬಂದು ಆವಲಪ್ಪನನ್ನು ಕೇಳಿದರು. "ಅವರ ವಾಲ್ವು ಬಂದ್ ಮಾಡು. ಹದಿನೈದು ದಿನ ನೀರಿಲ್ದೆ ಒಣಗ್ಲಿ." ಸಂಜೆ ಕೆಳಗಲ ಬೀದಿಯ ಯುವಕರು ಬಂದು, ಬೋರ್‌ವೆಲ್ ಮೋಟರು ತಮ್ಮ ಕಡೆಗಿದೆಯೆಂದು ನೆನಪಿಸಿಹೋದರು.

ಆವಲಪ್ಪ ಅವತ್ತು ಊಟ ಮಾಡಲಿಲ್ಲ. "ನೀರು ನಿಲ್ಸೋಕೆ ನಮ್ಮಪ್ಪ ನನಗೆ ಯೋಳಿಕೊಟ್ಟಿಲ್ಲ ಕಣೇ," ಎಂದ ಹೆಂಡತಿಗೆ. "ಇವತ್ತು ಒಂದಿನ ನಿಲ್ಸಿದ್ರೆ ಅಷ್ಟೇ. ನೀರು ಇನ್ನೊಬ್ಬರ ಕುತ್ತಿಗೆ ಅಂತ ಗೊತ್ತಾಗೋಯ್ತದೆ. ಆಮೇಲೆ ದಿನಾ ಇಸುಕ್ತಾರೆ."

ಶುಕ್ರವಾರ ಅವನು ಗುದ್ದಲಿ ಹಿಡಿದು ಹೊರಟ. ಹಾಡಹಗಲು, ಮಧ್ಯಾಹ್ನ ಒಂದು ಗಂಟೆ. ಒಂದು ಕೆಂಪು ಬಾವುಟ ನೆಟ್ಟು, "ಕೆಲಸ ನಡೆಯುತ್ತಿದೆ" ಎಂಬ ಬೋರ್ಡು ಇಟ್ಟು ಅಗೆಯತೊಡಗಿದ. ಬೆಂಗಳೂರಿನಲ್ಲಿ ರಸ್ತೆ ಅಗೆಯುವವನನ್ನು ಯಾಕೆಂದು ಕೇಳಿದವರುಂಟೆ? ಗೋಪಾಲಮ್ಮ ಮಂಕರಿಯಲ್ಲಿ ಮಣ್ಣು ಹೊತ್ತಳು. ಮೇಗಲ ಬೀದಿಯವರು ಮೇ ಬಿಸಿಲಿಗೆ ಬಾಗಿಲು ಹಾಕಿಕೊಂಡಿದ್ದರು. ಕೆಳಗಲ ಬೀದಿಯ ಗಂಡಸರೆಲ್ಲ ಮಸೀದಿಯಲ್ಲಿದ್ದರು, ಜಿಯಾವುಲ್ಲಾನೊಬ್ಬನನ್ನು ಬಿಟ್ಟು. ಆವಲಪ್ಪ ಹಿಂದಿನ ದಿನ ಅವನನ್ನು ಕೇಳಿಕೊಂಡಿದ್ದ, ಅವನು ಕಟ್ಟರ್ ಹಿಡಿದು ಬಂದಿದ್ದ.

ದೊಡ್ಡ ವಾಲ್ವಿನಿಂದಾಚೆ ಕೊಳವೆ ಎರಡಾಗಿ ಕವಲೊಡೆಯುವ ಕಡೆ ಬೀದಿಗೊಂದರಂತೆ ಎರಡು ಚಿಕ್ಕ ವಾಲ್ವುಗಳಿದ್ದವು. ಆವಲಪ್ಪ ಎರಡನ್ನೂ ಪೂರ್ತಿ ಬಿಟ್ಟ. "ಈಗ ತಲೆ ಕತ್ತರಿಸು," ಎಂದ. "ಕೀಲಿ ಸಿಗಬಾರದು, ಯಾರಿಗೂ. ನನಗೂ."

ಜಿಯಾವುಲ್ಲಾ ಕಟ್ಟರನ್ನು ಕೆಳಗಿಟ್ಟ. "ಅಣ್ಣಾ, ಯಾರಾದ್ರೂ ನೋಡಿದ್ರೆ ಸಾಬ್ರೋನು ಊರ ಪೈಪು ಕುಯ್ದ ಅಂತಾರೆ. ಊರು ಸುಡ್ತಾರೆ."

"ಗೊತ್ತು. ಅದಕ್ಕೇ ನಿನ್ನ ಕೈಲಿ ಕುಯ್ಸೋದು. ನೀನು ಎಲ್ಲೂ ಬಾಯಿ ಬಿಡಾಕಿಲ್ಲ, ನಾನೂ ಬಿಡಾಕಿಲ್ಲ."

ಎರಡು ಕಬ್ಬಿಣದ ತಲೆಗಳು ಮಂಕರಿಗೆ ಬಿದ್ದವು. ಮೇಲೆ ಚಪ್ಪಡಿ, ಅದರ ಮೇಲೆ ಮಣ್ಣು ಹಾಕಿದರು. ಏಳು ತಿಂಗಳಿಗೆ ಕಾಂಕ್ರೀಟು ಬಂತು. ಆವಲಪ್ಪ ಎರಡೂ ಬೀದಿಗೆ ಒಂದೇ ಮಾತು ಹೇಳಿದ: ಚಿಕ್ಕ ವಾಲ್ವುಗಳನ್ನು ಇಲಾಖೆಯವರು ತೆಗೆದಿದ್ದಾರೆ, ಇರುವುದು ಒಂದೇ, ಅವರಿಗೆ ನಿಂತರೆ ನಿಮಗೂ ನಿಲ್ಲುತ್ತದೆ. ಯುವಕರು ಬೈದರು, ಮೋಟರಿನವರು ಸುಮ್ಮನಾದರು. ಜಿಯಾವುಲ್ಲಾ ಮನೆಗೆ ಹೋದಾಗ ಸುಗ್ರಾ ಜುಮ್ಮಾ ತಪ್ಪಿಸಿ ಎಲ್ಲಿ ಹಾಳಾಗಿಹೋಗಿದ್ದೆ ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದುದು ಗೋಪಾಲಮ್ಮನ ಮನೆಯವರೆಗೂ ಕೇಳಿಸಿತು. ಅವನು ಏನು ಉತ್ತರ ಕೊಟ್ಟನೋ ಕೇಳಿಸಲಿಲ್ಲ, ಬೈಗುಳ ಮಾತ್ರ ಥಟ್ಟನೆ ನಿಂತಿತು.

*

"ಅಮ್ಮಾ, ಬೇಡ," ಎಂದಳು ಶಶಿರೇಖಾ. "ಇದ್ರೆ ಇದೆ ಅನ್ನು, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಅಪ್ಪನ ಮೇಲೆ ಆಣೆ ಇಡ್ಬೇಡ."

ಹೆಣ ಮುಟ್ಟಿ ಸುಳ್ಳು ಆಣೆ ಇಟ್ಟರೆ ಸತ್ತವನು ದಾರಿ ತಪ್ಪುತ್ತಾನೆ. ಆಣೆ ಇಟ್ಟವಳ ಬಾಯಿಗೆ ಕೊನೆಗಾಲದಲ್ಲಿ ನೀರು ಇಳಿಯುವುದಿಲ್ಲ. ಗೋಪಾಲಮ್ಮ ಇದನ್ನು ಅರ್ಧ ನಂಬಿದವಳಲ್ಲ, ಪೂರ್ತಿ ನಂಬಿದವಳು. ಬೇರೆ ವಿಷಯದಲ್ಲಿ ಅವಳು ಸಣ್ಣಪುಟ್ಟ ಸುಳ್ಳು ಹೇಳಿದ್ದುಂಟು, ಹಾಲಿಗೆ ನೀರು ಬೆರೆಸಿದ್ದುಂಟು. ದೇವರ ಮುಂದೆ, ಹೆಣದ ಮುಂದೆ ಒಂದು ದಿನವೂ ಇಲ್ಲ.

ಅವಳು ಮೆಲ್ಲಗೆ ನಡೆದು ಬಂದು ಬೆಂಚಿನ ತಲೆದೆಸೆಯಲ್ಲಿ ನಿಂತಳು. ನಿಜ ಹೇಳಿದರೆ ಆಗುವುದಾದರೂ ಏನು? ಅಗೆಯುತ್ತಾರೆ. ಹೊಸ ತಲೆ ಕೂರಿಸುತ್ತಾರೆ. ಮೇಗಲ ಬೀದಿಗೆ ಒಂದು ಹೊತ್ತು, ಕೆಳಗಲ ಬೀದಿಗೆ ಇನ್ನೊಂದು ಹೊತ್ತು ನೀರು ಬರುತ್ತದೆ. ಯಾರೂ ಯಾರಿಗೂ ನಲ್ಲಿ ಕಟ್ಟು ಎಂದು ಕೂಗಬೇಕಾಗಿಲ್ಲ. ಬೆಳಗ್ಗೆಗಳು ನಿಶ್ಶಬ್ದವಾಗುತ್ತವೆ. ಮುಂದೊಂದು ದಿನ ಇನ್ನೊಂದು ಕುದುರೆ ನಿಲ್ಲುತ್ತದೆ, ಆಗ ಯಾರ ಕೈಯಲ್ಲಿ ಕೀಲಿ ಇರುತ್ತದೋ.

ಮಂಜು ಸ್ವಲ್ಪ ಸರಿದು ಆವಲಪ್ಪನ ಮುಖದ ಮೇಲೆ ಬೆಳಕು ಬಿತ್ತು. ಮಲಗಿ ಸುತ್ತು ಎಣಿಸುವ ಹಾಗೆ ಇದ್ದ. ಅವಳಿಗೆ ಅವನ ಮೇಲೆ ಕೋಪ ಬಂತು. ತಾನು ಆರಾಮಾಗಿ ಮಲಗಿ ಇದನ್ನೂ ನನ್ನ ತಲೆಗೇ ಕಟ್ಟಿ ಹೋದೆಯಲ್ಲ ಎಂದು. ಕೋಪದ ಹಿಂದೆಯೇ ನಲವತ್ತು ವರ್ಷದ ಪ್ರೀತಿ ಬಂತು. ದಾರಿ ತಪ್ಪಿದರೆ ಎಲ್ಲಿಗೂ ಹೋಗಬೇಡ, ತಪ್ಪಿದ ಕಡೆಯೇ ನಿಂತಿರು, ನಾನು ಬರುವವರೆಗೆ, ಎಂದು ಅವಳು ಮನಸ್ಸಿನಲ್ಲೇ ಅವನಿಗೆ ಹೇಳಿದಳು. ನನಗೆ ಬೇರೆ ಏನು ಕೆಲಸ, ಹುಡುಕಿಕೊಂಡು ಬರುತ್ತೇನೆ.

ಬಲಗೈಯನ್ನು ಅವನ ಹಣೆಯ ಮೇಲೆ ಇಟ್ಟಳು. ಹಣೆ ತಣ್ಣಗಿತ್ತು, ಮಂಜಿಗೆ ವಿಭೂತಿ ಒದ್ದೆಯಾಗಿತ್ತು.

"ಇರೋದು ಒಂದೇ ವಾಲ್ವು," ಎಂದಳು. ಎರಡೂ ಬೀದಿಗೆ ಕೇಳಿಸಲೆಂದು ದನಿ ಏರಿಸಿದಳು. "ಎರಡನೇದು ಇಲ್ಲ. ಒಂದೇ ತೂಬಿನ ನೀರು. ನನ್ನ ಗಂಡನಾಣೆ."

ಆನಂದಪ್ಪ ಅವಳ ಮುಖವನ್ನೇ ನೋಡುತ್ತ ನಿಂತ. ಎಷ್ಟು ಹೊತ್ತು ನೋಡಿದನೋ, ಅವಳಿಗೆ ಅದು ಒಂದು ಮಳೆಗಾಲದಷ್ಟು ಅನ್ನಿಸಿತು. ನಾಯಿ ಎದ್ದು ಮೈ ಕೊಡವಿ ಬೇರೆ ಕಡೆ ಹೋಗಿ ಮಲಗಿತು.

"ಸರಿ," ಎಂದ ಅವನು. "ಆಣೆ ಅಂದ್ರೆ ಆಣೆ." ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ರಸ್ತೆ ದಾಟಿದ. ಹತ್ತು ವರ್ಷದಲ್ಲಿ ಆ ತಿರುವನ್ನು ಅವನು ದಾಟಿದ್ದು ಅದೇ ಮೊದಲು. ಕೊಟ್ಟ ಮಾತಿನಂತೆ ಜಿಯಾವುಲ್ಲಾನ ಕೈ ಹಿಡಿದ. ಹಿಡಿಯುವಾಗ ಅವನ ಬಾಯಿ ಸೊಟ್ಟಗಿತ್ತು, ಕಹಿ ಔಷಧಿ ಕುಡಿಯುವವನ ಹಾಗೆ. ಆದರೂ ಹಿಡಿದ. "ಬಾ. ಚೊಂಬು ತುಂಬಿಸ್ಕೊಂಡು ಬಾ. ನಿಮ್ಮೋರ್ನೆಲ್ಲಾ ಕರಿ. ಹನ್ನೊಂದಕ್ಕೆ ಎತ್ಬೇಕು."

ಜಿಯಾವುಲ್ಲಾ ತಲೆ ಎತ್ತಲಿಲ್ಲ. ಅವನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಎಲ್ಲರೂ ಅದು ಆವಲಪ್ಪನಿಗಾಗಿ ಎಂದುಕೊಂಡರು.

ಬೆಂಚನ್ನು ಬಿಸಿಲಿಗೆ ಎಳೆದರು. ಮೊದಲು ಶಶಿರೇಖಾ ಹಾಕಿದಳು, ಆಮೇಲೆ ಆನಂದಪ್ಪ. ಅವನ ಕಿವಿ ಹೋದ ತಮ್ಮನೂ ಹಾಕಿದ, ಯಾರ ಮುಖವನ್ನೂ ನೋಡದೆ. ಜಿಯಾವುಲ್ಲಾ ಹಾಕಿದ. ಮುಂದಿನದಕ್ಕೆಲ್ಲ ಕ್ರಮ ಇರಲಿಲ್ಲ, ಸಾಲು ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗುತ್ತದೆಂದು ಗೊತ್ತಾಗದಷ್ಟು ಜನ ಸೇರಿದರು. ಹಿತ್ತಾಳೆ ಚೊಂಬು, ಸ್ಟೀಲ್ ತಂಬಿಗೆ, ಒಂದು ಪ್ಲಾಸ್ಟಿಕ್ ಜಗ್ಗು ಕೂಡ ಬಂತು. "ಜಗ್ಗು ನಡೀತದಾ?" ಎಂದು ಯಾರೋ ಕೇಳಿದರು. "ಅವನು ಜಗ್ಗಿಗೂ ನೀರು ಬಿಟ್ಟವ್ನೆ, ಆಕು," ಎಂದಳು ಮುನಿಕೆಂಪಮ್ಮ.

ಗೋಪಾಲಮ್ಮ ತಲೆದೆಸೆಯಲ್ಲಿ ನಿಂತೇ ಇದ್ದಳು. ಬಲಗೈಯನ್ನು ಸೆರಗಿಗೆ ತಾಗಿಸದೆ, ಮೈಗೆ ತಾಗಿಸದೆ, ಬೇರೆ ಯಾರದೋ ಕೈ ಎಂಬಂತೆ ದೂರ ಹಿಡಿದುಕೊಂಡಿದ್ದಳು. ಅಂಗೈಗೆ ವಿಭೂತಿ ಮೆತ್ತಿತ್ತು.

ಸುಗ್ರಾಳ ಸರದಿ ಬಂತು. ಬೆನ್ನು ಬಾಗಿದ್ದ ಮುದುಕಿ ಎರಡೂ ಕೈಯಲ್ಲಿ ಚೊಂಬು ಹಿಡಿದು, ತುಟಿಯಲ್ಲೇ ಏನೋ ಹೇಳಿಕೊಂಡು, ಆವಲಪ್ಪನ ಪಾದದ ಮೇಲೆ ನೀರು ಹಾಕಿದಳು. ಅರ್ಧ ಹಾಕಿ ನಿಲ್ಲಿಸಿದಳು.

"ಪೂರ್ತಿ ಆಕ್ಬೇಕು ಅಮ್ಮಿ," ಎಂದ ಹಿಂದಿನಿಂದ ಜಿಯಾವುಲ್ಲಾ.

ಸುಗ್ರಾ ಕೇಳಿಸಿಕೊಳ್ಳಲಿಲ್ಲ. ಮಂಡಿ ಎಳೆದುಕೊಂಡು ಬೆಂಚನ್ನು ಸುತ್ತಿ ತಲೆದೆಸೆಗೆ ಬಂದಳು. ಗೋಪಾಲಮ್ಮನ ಬಲಗೈಯ ಮಣಿಕಟ್ಟು ಹಿಡಿದು, ಅಂಗೈ ಮೇಲೆ ಮಾಡಿ, ಚೊಂಬಿನಲ್ಲಿ ಉಳಿದ ನೀರನ್ನು ನಿಧಾನವಾಗಿ ಅದರ ಮೇಲೆ ಹುಯ್ದಳು. ಮಣ್ಣಿನಲ್ಲಿ ಆಡಿ ಬಂದ ಮಗುವಿನ ಕೈ ತೊಳೆಯುವ ಹಾಗೆ ಹೆಬ್ಬೆರಳಿನಿಂದ ಅಂಗೈಯನ್ನು ಉಜ್ಜಿದಳು, ಒಂದೊಂದು ಗೆರೆಯನ್ನೂ ಬಿಡದೆ. ಬೂದು ಬಣ್ಣದ ನೀರು ಬೆರಳ ಸಂದಿನಿಂದ ನೆಲಕ್ಕೆ ಇಳಿಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೀರು ತಿಳಿಯಾಗುವವರೆಗೆ ಸುಗ್ರಾ ಆ ಕೈ ಬಿಡಲಿಲ್ಲ.